ಮಂಗನ ಕಾಯಿಲೆ: ಅಂಕಿಅಂಶ, ಮಾರ್ಗಸೂಚಿ ಮತ್ತು ಮಲೆನಾಡಿನ ಜನಜ್ಞಾನ

ಚಿಕ್ಕಮಗಳೂರಿನಿಂದ ಮುತ್ತೋಡಿಯ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಮಲ್ಲಂದೂರು ಸೀಮೆ ಕಾಫಿಯ ನಾಡು. ಇಲ್ಲಿ ತೋಟ ಎಲ್ಲಿ ಮುಗಿಯಿತು, ಕಾಡು ಎಲ್ಲಿ ತೊಡಗಿತು ಎಂಬುದು ಹೊಸಬರ ಕಣ್ಣಿಗೆ ಬೀಳುವುದಿಲ್ಲ. ಹೆಮ್ಮರಗಳ ನೆರಳಿನಲ್ಲಿ ಕಾಫಿ ಗಿಡ, ಗಿಡದ ಬುಡದಲ್ಲಿ ಒಣಗಿದ ಎಲೆಯ ಹಾಸು, ತೋಟದಂಚಿನಲ್ಲಿ ದನ ಮೇಯುವ ಗುಡ್ಡ, ಅದರಾಚೆ ಭದ್ರಾ ಅಭಯಾರಣ್ಯ. ಅರೇಬಿಕಾ ಕೊಯ್ಲು ನವೆಂಬರ್ ವೇಳೆಗೆ ತೊಡಗಿದರೆ ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ಹೂಮಳೆ ಎದುರು ನೋಡುವ ಕಾಲ ಬಂದಿರುತ್ತದೆ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಅವಧಿಯೂ ಹೆಚ್ಚುಕಡಿಮೆ ಇದೇ, ಡಿಸೆಂಬರಿನಿಂದ ಮೇ ತಿಂಗಳವರೆಗೆ.

ಚಿಕ್ಕಮಗಳೂರು ಜಿಲ್ಲೆಯಲ್ಲಿ ಈ ಕಾಯಿಲೆ ಪ್ರಮುಖವಾಗಿ ವರದಿಯಾಗಿರುವುದು ಕೊಪ್ಪ, ನರಸಿಂಹರಾಜಪುರ ಮತ್ತು ಶೃಂಗೇರಿ ತಾಲ್ಲೂಕುಗಳಿಂದ. ಮಲ್ಲಂದೂರನ್ನು ಇಲ್ಲಿ ಹೆಸರಿಸಿರುವುದು ರೋಗದ ನೆಲೆಯೆಂಬ ಅರ್ಥದಲ್ಲಲ್ಲ. ರಾಜಧಾನಿಯಲ್ಲಿ ಸಿದ್ಧವಾಗುವ ವೈದ್ಯಕೀಯ ಮಾರ್ಗಸೂಚಿಯೊಂದು ಇಂಥ ನೆಲದಲ್ಲಿ, ಇಂಥ ದುಡಿಮೆಯ ಜನರ ನಡುವೆ ಹೇಗೆ ಬಾಳುತ್ತದೆ ಎಂಬುದನ್ನು ಪರಿಶೀಲಿಸಲು ಕಾಫಿಸೀಮೆಯ ಈ ಊರು ಒಂದು ನಿದರ್ಶನ. ಲಸಿಕೆಯ ದಾಖಲೆಗಳನ್ನೂ ರೋಗಿಗಳ ಪಟ್ಟಿಯನ್ನೂ ಜೋಡಿಸಿ ನಡೆಸಿದ ಅಂಕಿಅಂಶಗಳ ಸಂಶೋಧನೆ ಆ ಮಾರ್ಗಸೂಚಿಯ ಬಗ್ಗೆ ಏನು ಹೇಳಿತು, ಯಾವುದನ್ನು ಹೇಳಲಾರದೆ ಹೋಯಿತು, ಜಾನಪದ ಅಧ್ಯಯನಕ್ಕೆ ಅಲ್ಲಿ ಏನು ಕೆಲಸವಿದೆ ಎಂಬುದು ಪ್ರಸ್ತುತ ಲೇಖನದ ವಸ್ತು.

ಹೆಸರು ಜನರದು

1957ರ ಬೇಸಿಗೆಯ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗರಿಗೆ ವಿಪರೀತ ಜ್ವರ, ತಲೆಶೂಲೆ, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನ ಕೇಂದ್ರದ ತಜ್ಞರು ಬಂದಾಗ ಅವರ ಮೊದಲ ಶಂಕೆ ಹಳದಿ ಜ್ವರದ ಮೇಲಿತ್ತು. ಏಷ್ಯಾ ಖಂಡವನ್ನು ಅದುವರೆಗೆ ಮುಟ್ಟದಿದ್ದ ಆ ಜ್ವರ ಇಲ್ಲಿಗೆ ಬಂದಿದ್ದರೆ ಅನಾಹುತವೇ ಆಗುತ್ತಿತ್ತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಸಂಗಡಿಗರು ಪ್ರತ್ಯೇಕಿಸಿದ ವೈರಸ್ ಹಳದಿ ಜ್ವರದ್ದಾಗಿರದೆ ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಸ್‌ಗೆ ಹತ್ತಿರದ ಬಂಧುವಾಗಿತ್ತು. ವಿಜ್ಞಾನ ಅದಕ್ಕೆ ಕಾಡಿನ ಹೆಸರಿಟ್ಟು 'ಕ್ಯಾಸನೂರು ಕಾಡಿನ ಕಾಯಿಲೆ' ಎಂದಿತು. ಜನ ಮಾತ್ರ ತಾವು ಕಂಡದ್ದನ್ನೇ ಹಿಡಿದು 'ಮಂಗನ ಕಾಯಿಲೆ' ಎಂದರು.

ಜನರಿಟ್ಟ ಹೆಸರನ್ನು ಅಜ್ಞಾನದ ಕುರುಹೆಂದು ತಳ್ಳಿಹಾಕುವ ರೂಢಿ ಕೆಲವು ಆರೋಗ್ಯ ಪ್ರಚಾರ ಸಾಹಿತ್ಯದಲ್ಲಿದೆ. ಕಾಯಿಲೆ ಹರಡುವುದು ಮಂಗದಿಂದಲ್ಲ, ಉಣುಗಿನಿಂದ ಎಂಬ ತಿದ್ದುಪಡಿ ಸರಿಯೇ. ಆದರೆ ಆ ಹೆಸರಿನಲ್ಲಿ ಒಂದು ಅವಲೋಕನ ಅಡಗಿದೆ: ಮಂಗ ಮೊದಲು ಸಾಯುತ್ತದೆ, ಮನುಷ್ಯ ಆಮೇಲೆ ಮಲಗುತ್ತಾನೆ. ಇಂದಿಗೂ ಆರೋಗ್ಯ ಇಲಾಖೆಯ ಇಡೀ ಕಣ್ಗಾವಲು ವ್ಯವಸ್ಥೆ ನಿಂತಿರುವುದು ಈ ಅವಲೋಕನದ ಮೇಲೆಯೇ. ಎಲ್ಲಿ ಮಂಗ ಸತ್ತಿದೆಯೋ ಅಲ್ಲಿ ಸುತ್ತ ಐವತ್ತು ಅಡಿ ಮೆಲಾಥಿಯಾನ್ ಪುಡಿ ಎರಚುವುದು, ಶವವನ್ನು ಪರೀಕ್ಷೆಯ ನಂತರ ಸುಡುವುದು, ಸುತ್ತಲಿನ ಊರುಗಳನ್ನು ಎಚ್ಚರಿಸುವುದು ಮಾರ್ಗಸೂಚಿಯ ಮೊದಲ ಹೆಜ್ಜೆಗಳು. ಆ ಹೆಜ್ಜೆ ಇಡಬೇಕಾದರೆ ಸತ್ತ ಮಂಗವನ್ನು ಕಂಡವರು ಬಂದು ಹೇಳಬೇಕು.

ಹೇಳುವ ಈ ಘಟ್ಟದಲ್ಲಿಯೇ ಸಂಸ್ಕೃತಿ ಅಡ್ಡ ಬರುತ್ತದೆ. ಕರ್ನಾಟಕದ ಅನೇಕ ಊರುಗಳಲ್ಲಿ ಸತ್ತ ಮಂಗ ಬರೀ ಸತ್ತ ಪ್ರಾಣಿಯಲ್ಲ, ಆಂಜನೇಯನ ಅಂಶ. ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಭಜನೆಯೊಡನೆ ಹೊತ್ತೊಯ್ದು ಮಣ್ಣು ಮಾಡುವ, ಆ ಜಾಗದಲ್ಲಿ ಕಲ್ಲು ನೆಡುವ ಪದ್ಧತಿ ವ್ಯಾಪಕವಾಗಿದೆ. ಮಾರ್ಗಸೂಚಿ ಮುಟ್ಟಬೇಡಿ ಎನ್ನುತ್ತದೆ. ಪದ್ಧತಿ ಮುಟ್ಟದೆ ಬಿಟ್ಟರೆ ಪಾಪ ಎನ್ನುತ್ತದೆ. ಸತ್ತ ಮಂಗದ ಮೈ ತಣ್ಣಗಾದಂತೆ ಉಣುಗುಗಳು ಅದನ್ನು ಬಿಟ್ಟು ಇಳಿಯುತ್ತವೆ ಎಂಬ ಜೀವವಿಜ್ಞಾನದ ಸಂಗತಿಯನ್ನು ತಿಳಿಸಿದರೆ ಅಪಾಯ ಅರ್ಥವಾಗಬಹುದು. ಬರೀ ನಿಷೇಧ ಹೇರಿದರೆ ಸಂಸ್ಕಾರ ಗುಟ್ಟಾಗಿ ನಡೆಯುತ್ತದೆ, ಸಾವು ದಾಖಲೆಗೆ ಬರುವುದಿಲ್ಲ. ಹೀಗೆ ತಪ್ಪಿಹೋಗುವ ಒಂದೊಂದು ಮಂಗವೂ ಮುಂದೆ ಸಂಶೋಧಕನ ಕೋಷ್ಟಕದಲ್ಲಿ ಒಂದು ಖಾಲಿ ಮನೆ.

ಲಸಿಕೆಯ ಲೆಕ್ಕ

ಈ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ. ಸೋಂಕು ತಗಲಿದವರಲ್ಲಿ ನೂರಕ್ಕೆ ಮೂರರಿಂದ ಐವರು ಸಾಯುತ್ತಾರೆಂಬುದು ಸಾಮಾನ್ಯವಾಗಿ ಒಪ್ಪಿತವಾಗಿರುವ ಅಂದಾಜು. ಆದುದರಿಂದ ತಡೆಯುವುದೇ ದಾರಿ. ಆರಂಭದ ವರ್ಷಗಳಲ್ಲಿ ರಷ್ಯಾದ ಮಿದುಳು ಜ್ವರದ ಲಸಿಕೆಯನ್ನೇ ಇಲ್ಲಿ ಪ್ರಯೋಗಿಸಿ ನೋಡಲಾಯಿತು. ಬಂಧುತ್ವ ಹತ್ತಿರದ್ದಾದರೂ ರಕ್ಷಣೆ ದೊರೆಯಲಿಲ್ಲ. ಬಳಿಕ ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಸಿದ್ಧವಾಯಿತು. 1990ರಿಂದ ಮಲೆನಾಡು ಮತ್ತು ಕರಾವಳಿಯ ಬಾಧಿತ ಪ್ರದೇಶಗಳಲ್ಲಿ ಅದನ್ನು ವರ್ಷವರ್ಷವೂ ಹಾಕುತ್ತ ಬರಲಾಯಿತು. ನಿಯಮ ಹೀಗಿತ್ತು: ಏಳರಿಂದ ಅರವತ್ತೈದು ವರ್ಷದವರಿಗೆ ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳ ನಂತರ ಬಲವರ್ಧಕ, ಮುಂದೆ ಆಗಾಗ್ಗೆ ಮತ್ತೆ ಬಲವರ್ಧಕ. ರೋಗ ಕಂಡ ಸ್ಥಳದ ಸುತ್ತ ಐದು ಕಿಲೋಮೀಟರಿನೊಳಗಿನ ಊರುಗಳು ಇದರ ವ್ಯಾಪ್ತಿ.

ಲಸಿಕೆ ಎಷ್ಟು ಕಾಯುತ್ತದೆ? ಮೂರು ಜಿಲ್ಲೆಗಳಲ್ಲಿ ನಡೆದು 1994ರಲ್ಲಿ ಪ್ರಕಟವಾದ ಕ್ಷೇತ್ರ ಪರೀಕ್ಷೆಯಲ್ಲಿ ಒಂದು ಚುಚ್ಚುಮದ್ದಿಗೆ ಶೇ. 79.3, ಎರಡಕ್ಕೆ ಶೇ. 93.5 ರಕ್ಷಣೆ ಕಂಡುಬಂದಿತ್ತು. ಮಾರ್ಗಸೂಚಿ ಬಹುಕಾಲ ಈ ಅಂಕಿಗಳ ಭರವಸೆಯಲ್ಲಿಯೇ ನಡೆಯಿತು. ಆದರೆ ಹೊಸ ಶತಮಾನದ ಮೊದಲ ದಶಕದಲ್ಲಿ ಲಸಿಕೆ ಹಾಕಿಸಿಕೊಂಡವರೇ ಜ್ವರದಿಂದ ಮಲಗಿದ ವರದಿಗಳು ಬರತೊಡಗಿದವು. 'ಸೂಜಿ ಚುಚ್ಚಿಸಿಕೊಂಡರೂ ಬಂತು' ಎಂಬ ಮಾತು ಊರೂರಲ್ಲಿ ಹರಡಿದರೆ ಮುಂದಿನ ವರ್ಷ ಶಿಬಿರಕ್ಕೆ ಯಾರು ಬಂದಾರು? ಸೂಜಿಯ ನೋವು ಬೇರೆ ಹೆಸರುವಾಸಿ.

ಈ ಪ್ರಶ್ನೆಗೆ ಉತ್ತರ ಹುಡುಕಿದವರು ಗುದದಪ್ಪ ಕಸಬಿ, ಮನೋಜ್ ಮುರ್ಹೇಕರ್ ಮತ್ತು ಅವರ ಸಹಸಂಶೋಧಕರು. ರಾಜ್ಯದ ಆರೋಗ್ಯ ಇಲಾಖೆ ಮತ್ತು ಚೆನ್ನೈನ ರಾಷ್ಟ್ರೀಯ ಸೋಂಕುಶಾಸ್ತ್ರ ಸಂಸ್ಥೆ ಇಲ್ಲಿ ಕೈಜೋಡಿಸಿದ್ದವು. ಅವರು ಹೊಸ ಪ್ರಯೋಗ ಹೂಡಲಿಲ್ಲ. 2005ರಿಂದ 2010ರವರೆಗಿನ ಲಸಿಕೆಯ ದಾಖಲೆಗಳನ್ನೂ ರೋಗಿಗಳ ಕಣ್ಗಾವಲು ದಾಖಲೆಗಳನ್ನೂ ಎದುರುಬದುರಿಟ್ಟು ವಿಶ್ಲೇಷಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡು ಚುಚ್ಚುಮದ್ದು ಪಡೆದವರಲ್ಲಿ ಲಸಿಕೆಯ ಪರಿಣಾಮ ಶೇ. 62.4, ಎರಡರ ಮೇಲೆ ಬಲವರ್ಧಕವನ್ನೂ ಪಡೆದವರಲ್ಲಿ ಶೇ. 82.9. ಲಸಿಕೆ ತಲುಪಿದ ಪ್ರಮಾಣವೂ ಕಡಿಮೆಯೆಂದು ಅದೇ ಅಧ್ಯಯನ ತಿಳಿಸಿತು.

ಮಾನವಿಕ ಶಾಸ್ತ್ರಗಳ ಸಂಶೋಧಕರು ಇಂಥ ಅಂಕಿಗಳನ್ನು ಉಲ್ಲೇಖಿಸಿ ಮುಂದೆ ಸಾಗುವುದುಂಟು. ಅವು ಹುಟ್ಟುವ ಬಗೆಯನ್ನು ತಿಳಿದರೆ ಮಾತ್ರ ಅವುಗಳ ಬಲವೂ ಮಿತಿಯೂ ಗೊತ್ತಾಗುತ್ತವೆ. ಉದಾಹರಣೆಗೆ, ಲಸಿಕೆ ಪಡೆಯದ ಹತ್ತು ಸಾವಿರ ಜನರಲ್ಲಿ ಐವತ್ತು ಮಂದಿಗೆ ಕಾಯಿಲೆ ಬಂದಿತೆಂದೂ ಲಸಿಕೆ ಪಡೆದ ಹತ್ತು ಸಾವಿರದಲ್ಲಿ ಹತ್ತೊಂಬತ್ತು ಮಂದಿಗೆ ಬಂದಿತೆಂದೂ ಇಟ್ಟುಕೊಳ್ಳೋಣ. ಬರಬಹುದಾಗಿದ್ದ ಐವತ್ತರಲ್ಲಿ ಮೂವತ್ತೊಂದು ತಪ್ಪಿದವು; ಅಂದರೆ ಪರಿಣಾಮ ಶೇ. 62. ಲೆಕ್ಕ ಇಷ್ಟೇ ಸರಳ. ತೊಡಕಿರುವುದು ಬೇರೆಡೆ. ಕಸಬಿಯವರ ತಂಡ ಶೇ. 62.4 ಎಂಬ ಅಂಕಿಯ ಜೊತೆಗೆ ಶೇ. 26.1ರಿಂದ 80.8ರವರೆಗಿನ ಒಂದು ವಿಶ್ವಾಸದ ವ್ಯಾಪ್ತಿಯನ್ನೂ ಕೊಟ್ಟಿದೆ. ರೋಗಿಗಳ ಸಂಖ್ಯೆ ಕಡಿಮೆಯಿರುವಾಗ ಆಕಸ್ಮಿಕದ ಪಾಲು ಹೆಚ್ಚು. ನಿಜವಾದ ಪರಿಣಾಮ ಆ ವ್ಯಾಪ್ತಿಯೊಳಗೆ ಎಲ್ಲಿ ಬೇಕಾದರೂ ಇದ್ದೀತು. ಬಲವರ್ಧಕ ಪಡೆದವರ ವ್ಯಾಪ್ತಿ ಶೇ. 71.3ರಿಂದ 89.8, ಇದು ಕಿರಿದು, ಆದುದರಿಂದ ಹೆಚ್ಚು ನಂಬಲರ್ಹ. ಮಾರ್ಗಸೂಚಿ ಬರೆಯುವವರಿಗೆ ಇದರಿಂದ ದೊರೆತ ಪಾಠ ನೇರವಾದುದು. ಎರಡು ಸೂಜಿಗೆ ನಿಂತರೆ ಸಾಲದು, ಬಲವರ್ಧಕ ತಪ್ಪಬಾರದು. ಅದೇ ತಂಡ 2011ರ ಡಿಸೆಂಬರಿನಿಂದ 2012ರ ಮಾರ್ಚ್‌ವರೆಗಿನ ಉಲ್ಬಣವನ್ನು ಶೋಧಿಸಿದಾಗ, 2011ರಲ್ಲಿ ಬಲವರ್ಧಕಕ್ಕೆ ಲಸಿಕೆಯೇ ಲಭ್ಯವಿರಲಿಲ್ಲವೆಂಬುದು ರೋಗ ಹೆಚ್ಚಿದುದಕ್ಕೆ ಒಂದು ಕಾರಣವಾಗಿರಬಹುದೆಂದು ಗುರುತಿಸಿತು.

ಛೇದದಲ್ಲಿ ಇಲ್ಲದವರು

ಭಿನ್ನರಾಶಿಯ ಮೇಲಿನ ಅಂಕಿ ರೋಗಿಗಳದು, ಕೆಳಗಿನ ಅಂಕಿ ಜನಸಂಖ್ಯೆಯದು. ಮೇಲಿನದನ್ನು ಪ್ರಯೋಗಾಲಯ ಕೊಡುತ್ತದೆ. ಕೆಳಗಿನದನ್ನು ಕೊಡುವುದು ಊರಿನ ಪಟ್ಟಿ. ಜಾನಪದ ಕ್ಷೇತ್ರಕಾರ್ಯ ಮಾಡಿದ ಯಾರಿಗೂ ಗೊತ್ತಿರುವಂತೆ, ಮಲೆನಾಡಿನಲ್ಲಿ ಪಟ್ಟಿಯ ಊರು ಬೇರೆ, ಬಾಳುವ ಊರು ಬೇರೆ. ಕಂದಾಯ ಗ್ರಾಮದ ಹೆಸರೊಂದು. ಅದರೊಳಗೆ ಗುಡ್ಡಕ್ಕೊಂದು ಮನೆ, ಕಣಿವೆಗೊಂದು ಕೇರಿ. ಕಾಫಿ ಸೀಮೆಯಲ್ಲಿ ಇದರ ಮೇಲೆ ಲೈನು ಮನೆಗಳು ಸೇರುತ್ತವೆ. ಕೊಯ್ಲಿಗೆಂದು ಬಯಲುಸೀಮೆಯಿಂದ, ತಮಿಳುನಾಡಿನಿಂದ, ಇತ್ತೀಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದು ಅಲ್ಲಿ ತಂಗುವವರ ಹೆಸರು ಗ್ರಾಮ ಪಂಚಾಯಿತಿಯ ಪುಸ್ತಕದಲ್ಲಿರುವುದಿಲ್ಲ. ಇದ್ದರೆ ತೋಟದ ರೈಟರ ಚೆಕ್‌ರೋಲ್‌ನಲ್ಲಿರುತ್ತದೆ. ಮೇಸ್ತ್ರಿಯ ಕೈಕೆಳಗೆ ಗುತ್ತಿಗೆಯಾಗಿ ಬಂದಿದ್ದರೆ ಅಲ್ಲೂ ಬರೀ ಆಳಿನ ಸಂಖ್ಯೆ.

ಲಸಿಕೆಯ ಕಾಲಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಳೆಗಾಲ ಇಳಿಯುವ ಹೊತ್ತಿಗೆ ಶಿಬಿರ, ತಿಂಗಳ ನಂತರ ಎರಡನೆಯದು ಎಂಬ ಕ್ರಮ ಊರಲ್ಲೇ ಇರುವವರಿಗೆ ಹೊಂದುತ್ತದೆ. ನವೆಂಬರಿನ ಕೊನೆಗೆ ಲೈನಿಗೆ ಬಂದಿಳಿದ ಆಳಿಗೆ ಅಂದೇ ಮೊದಲ ಸೂಜಿ ಹಾಕಿದರೂ ಎರಡನೆಯದು ಮುಗಿಯುವ ಹೊತ್ತಿಗೆ ಉಣುಗಿನ ಎಳೆಮರಿಗಳು ಕಚ್ಚುವ ಕಾಲ ಬಂದೇ ಬಿಟ್ಟಿರುತ್ತದೆ. ಬಲವರ್ಧಕದ ತಿಂಗಳಿಗೆ ಅವನು ತನ್ನ ಊರಿನಲ್ಲಿ ರಾಗಿ ಬಿತ್ತುತ್ತಿರುತ್ತಾನೆ. ಇದು ಊಹೆಯ ಅಪಾಯವಲ್ಲ. ಗೋವಾದ ಗೇರುತೋಟಗಳಲ್ಲಿ ದುಡಿಯಲು ಬೆಳಗಾವಿ ಜಿಲ್ಲೆಯಿಂದ ಹೋಗಿದ್ದ ಕಾರ್ಮಿಕರಿಗೆ ಮಂಗನ ಕಾಯಿಲೆ ತಗಲಿದ್ದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಸಂಶೋಧಕರು ದೃಢಪಡಿಸಿ 2017ರಲ್ಲಿ ಪ್ರಕಟಿಸಿದ್ದಾರೆ. ಗೇರಿನ ಕೊಯ್ಲಿಗೂ ಕಾಫಿಯ ಕೊಯ್ಲಿಗೂ ಬೆಳೆ ಬೇರೆ, ದುಡಿಮೆಯ ಸ್ವರೂಪ ಒಂದೇ: ಬೇಸಿಗೆ, ತರಗೆಲೆ, ಪರಊರಿನ ಆಳು.

ಇನ್ನೊಂದು ಸೂಕ್ಷ್ಮವಿದೆ. ಶಿಬಿರಕ್ಕೆ ಯಾರು ಬರುತ್ತಾರೆ ಎಂಬುದು ಲಸಿಕೆಯ ಲೆಕ್ಕವನ್ನೇ ಬದಲಿಸಬಲ್ಲದು. ಕಾಡಿಗೆ ಹೋಗುವವರು ಹಗಲು ಮನೆಯಲ್ಲಿರುವುದಿಲ್ಲ. ಹೀಗಾಗಿ ಸೂಜಿ ಹಾಕಿಸಿಕೊಂಡವರಲ್ಲಿ ಮನೆಯಲ್ಲಿರುವವರೇ ಹೆಚ್ಚಾದರೆ ಲಸಿಕೆ ತಾನಿರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಹೆದರಿಕೆಯಿಂದ ಕಾಡಿನ ದುಡಿಮೆಯವರೇ ಮುನ್ನುಗ್ಗಿ ಹಾಕಿಸಿಕೊಂಡಿದ್ದರೆ ಲಸಿಕೆ ತಾನಿರುವುದಕ್ಕಿಂತ ಸಪ್ಪೆಯಾಗಿ ಕಾಣುತ್ತದೆ. ಯಾವುದು ನಿಜ ಎಂಬುದು ದಾಖಲೆಯ ಪುಸ್ತಕದಿಂದ ಹೊರಡುವುದಿಲ್ಲ. ಯಾವ ಜಾತಿಯವರು, ಯಾವ ವಯಸ್ಸಿನವರು, ಹೆಂಗಸರೋ ಗಂಡಸರೋ, ಯಾವ ತಿಂಗಳಲ್ಲಿ, ಯಾವ ಕೆಲಸಕ್ಕೆ ಕಾಡು ಹೊಗುತ್ತಾರೆ ಎಂಬುದನ್ನು ಊರಲ್ಲಿ ಕುಳಿತು ಕೇಳಬೇಕು. ದರಗು ಗುಡಿಸುವುದು, ಸೊಪ್ಪು ಕಡಿಯುವುದು, ಸೌದೆ ತರುವುದು, ಸೀಗೆ ಮುರುಗಲು ಕೀಳುವುದು, ದನ ಹುಡುಕುವುದು ಎಲ್ಲವನ್ನೂ 'ಅರಣ್ಯ ಭೇಟಿ' ಎಂಬ ಒಂದೇ ಕಲಮಿನಲ್ಲಿ ತುಂಬಿದ ಪ್ರಶ್ನಾವಳಿಯಿಂದ ಏನು ತಿಳಿದೀತು? ಕೊಟ್ಟಿಗೆಗೆ ಹಾಸಲು ಒಣಗಿದ ಎಲೆ ಹೊತ್ತು ತರುವುದು ಬೇಸಿಗೆಯ ಕೆಲಸ. ಹೊರೆಯೊಡನೆ ಉಣುಗು ಮನೆ ಬಾಗಿಲಿಗೇ ಬರುತ್ತದೆ. ಕಾಡಿಗೆ ಹೋಗಬೇಡಿ ಎಂಬ ಸಲಹೆ ಸೊಪ್ಪಿನ ಬೆಟ್ಟವನ್ನೇ ನಂಬಿದ ಗದ್ದೆ-ತೋಟದ ಒಕ್ಕಲಿಗೆ ಬೇಸಾಯ ಬಿಡಿ ಎಂದ ಹಾಗೆ.

ಮಾರ್ಗಸೂಚಿಯ ಮರುಪರೀಕ್ಷೆ

ವೈದ್ಯಕೀಯ ಸಲಹೆಗಳು ಹಿರಿಯರ ಅಭಿಪ್ರಾಯಕ್ಕಿಂತ ಪರೀಕ್ಷಿತ ಸಾಕ್ಷ್ಯವನ್ನು ಆಧರಿಸಬೇಕೆಂಬ ಚಿಂತನೆಗೆ ಆರ್ಚಿ ಕಾಕ್ರನ್ ಅವರ 1972ರ ಕೃತಿ ದೊಡ್ಡ ಒತ್ತಾಸೆ ನೀಡಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದ್ದು 2007ರಲ್ಲಿ. ಮಂಗನ ಕಾಯಿಲೆಯ ಮಟ್ಟಿಗೆ ಇಂಥ ಕೆಲಸ ಸಾರಾ ಬರ್ಥ್ ಮತ್ತು ಸಂಗಡಿಗರ 2021ರ ಸಮೀಕ್ಷೆಯಲ್ಲಿ ನಡೆದಿದೆ. ಮಾರ್ಗಸೂಚಿಗಳಲ್ಲಿರುವ ಸಲಹೆಗಳನ್ನು ಅವರು ಕ್ಷೇತ್ರದಲ್ಲಿ ದೊರೆತ ಪರಿಸರ ವಿಜ್ಞಾನದ ಸಾಕ್ಷ್ಯಗಳೊಂದಿಗೆ ಹೋಲಿಸಿದರು. ಎರಡಕ್ಕೂ ಗಣನೀಯ ಅಂತರವಿರುವುದು ಕಂಡುಬಂದಿತು. ಆರು ದಶಕಗಳಿಂದ ಪರಿಚಿತವಾದ ಕಾಯಿಲೆಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಇದೇ ಬಳಗದ ಇನ್ನೊಂದು ಕೆಲಸ ಬೆತ್ ಪರ್ಸ್ ಅವರ ನೇತೃತ್ವದ 2020ರ ಪ್ರಕಟಣೆ. ಬ್ರಿಟನ್ನಿನ ಪರಿಸರ ಮತ್ತು ಜಲವಿಜ್ಞಾನ ಕೇಂದ್ರದೊಂದಿಗೆ ಬೆಂಗಳೂರಿನ ಏಟ್ರೀ ಮೊದಲಾದ ಸಂಸ್ಥೆಗಳು ಇದರಲ್ಲಿದ್ದವು. ಶಿವಮೊಗ್ಗ ಜಿಲ್ಲೆಯ ಪ್ರಕರಣಗಳನ್ನು ಭೂಪಟದ ಮೇಲೆ ಗುರುತಿಸಿ, ಕಾಡಿನ ಬಗೆ, ನೆಡುತೋಪು, ದನಗಳ ಸಾಂದ್ರತೆ ಮುಂತಾದ ಮಾಹಿತಿಯನ್ನು ಸೇರಿಸಿ ಅಪಾಯದ ನಕ್ಷೆ ಸಿದ್ಧಪಡಿಸಲಾಯಿತು. ತೇವದ ನಿತ್ಯಹರಿದ್ವರ್ಣ ಕಾಡು ಮತ್ತು ನೆಡುತೋಪುಗಳು ಬೆರೆತ ಪ್ರದೇಶಗಳಲ್ಲಿ, ನಾಟಿ ದನಗಳು ಹೆಚ್ಚಿರುವಲ್ಲಿ ಕಾಯಿಲೆಯ ಸಂಭವ ಹೆಚ್ಚೆಂದು ಅದು ತೋರಿಸಿತು. 2019ರ ಉಲ್ಬಣವನ್ನು ಮುನ್ಸೂಚಿಸುವಲ್ಲಿಯೂ ನಕ್ಷೆ ಉಪಯುಕ್ತವಾಗಿ ಕಂಡಿತು. ಯಾವ ಅಂಶಗಳನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದನ್ನು ತೀರ್ಮಾನಿಸುವ ಮೊದಲು ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳ ಕ್ಷೇತ್ರಾನುಭವಿಗಳನ್ನು ಕೂರಿಸಿ ಕೇಳಿದ್ದು ಈ ಅಧ್ಯಯನದ ಹೆಚ್ಚುಗಾರಿಕೆ. ಐದು ಕಿಲೋಮೀಟರಿನ ವೃತ್ತ ಎಳೆಯುವುದಕ್ಕಿಂತ ಇದು ಎಷ್ಟೋ ಸೂಕ್ಷ್ಮವಾದ ಸಾಧನ. ಗುಡ್ಡದ ಆಚೆ ಮಗ್ಗುಲಿನ ಊರು ವೃತ್ತದೊಳಗಿದ್ದರೂ ಅಲ್ಲಿನ ದನ ಈ ಕಾಡಿಗೆ ಬಾರದಿರಬಹುದು; ಎಂಟು ಕಿಲೋಮೀಟರ್ ದೂರದ ಕೇರಿಯ ಜನ ತಲೆಮಾರುಗಳಿಂದ ಇದೇ ಕಾಡಿನ ಕಾಲುದಾರಿಯಲ್ಲಿ ನಡೆದಾಡುತ್ತಿರಬಹುದು.

ಜನರು ಕಾಯಿಲೆಯನ್ನು ವಿವರಿಸಿಕೊಂಡ ಬಗೆಯೂ ಇಲ್ಲಿ ನೆನೆಯತಕ್ಕದ್ದು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರುತೋಪಿಗಾಗಿ ಕಾಡು ಕಡಿದ ಬೆನ್ನಿಗೆ ಕಾಯಿಲೆ ಉಲ್ಬಣಿಸಿತು. ಆ ಸಂದರ್ಭವನ್ನು ಅಧ್ಯಯನ ಮಾಡಿದ ವೈದ್ಯಕೀಯ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರ ಲೇಖನದಲ್ಲಿ ಇದನ್ನು ಅಭಿವೃದ್ಧಿಯ ಕಾಯಿಲೆಯೆಂದು ಕರೆದರು. ಕಾಡಿನ ದೈವಗಳ ಮುನಿಸೇ ಇದಕ್ಕೆ ಕಾರಣವೆಂಬ ಸ್ಥಳೀಯ ವಿವರಣೆಯನ್ನೂ ಅವರು ದಾಖಲಿಸಿದ್ದಾರೆ. ಕಾಡು ಕಡಿದು ದನ ನುಗ್ಗಿದಲ್ಲಿ ಉಣುಗು ಹೆಚ್ಚಿತೆಂದು ಹೋರ್ಹೆ ಬೊಶೆಲ್ 1969ರಲ್ಲಿಯೇ ವಾದಿಸಿದ್ದರು. ಎರಡು ವಿವರಣೆಗಳ ಭಾಷೆ ಬೇರೆ. ದೈವದ ವಿವರಣೆಯನ್ನು ವಿಜ್ಞಾನವೆಂದು ವೈಭವೀಕರಿಸುವ ಅಗತ್ಯವಿಲ್ಲ. ಈಚಿನ ಕೆಲವು ಜಾನಪದ ಬರಹಗಳಲ್ಲಿ ಆ ಚಟ ಹೆಚ್ಚಾಗಿದೆ. ಆದರೆ ಕೊಡಲಿ ಬಿದ್ದ ಜಾಗವನ್ನೂ ಜ್ವರ ಎದ್ದ ಜಾಗವನ್ನೂ ಜನ ಒಟ್ಟಿಗೆ ನೆನಪಿಟ್ಟರೆಂಬುದು ದತ್ತಾಂಶವೇ ಸರಿ. ಯಾವ ವರ್ಷ, ಯಾವ ಬನ, ಯಾರ ಮನೆ ಎಂದು ಕಥನಗಳನ್ನು ಕಾಲಾನುಕ್ರಮದಲ್ಲಿ ಸಂಗ್ರಹಿಸಿದರೆ ಪ್ರಯೋಗಾಲಯದ ವರದಿಗಳಿಲ್ಲದ ದಶಕಗಳ ನಕ್ಷೆಗೂ ಒಂದಿಷ್ಟು ಆಧಾರ ಸಿಕ್ಕೀತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಕೈಗೊಳ್ಳುವವರಿಗೆ ಇದು ಸಿದ್ಧವಾಗಿ ಕಾದಿರುವ ವಿಷಯ. ಸೋಂಕುಶಾಸ್ತ್ರದ ಒಬ್ಬ ಮಾರ್ಗದರ್ಶಕರೂ ಜೊತೆಗಿರಬೇಕು, ಅಷ್ಟೆ.

ಪರಿಣಾಮ ಕುಂದಿದ್ದ ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಆ ಬಳಿಕ ಮೈಗೆ ಹಚ್ಚುವ ಉಣುಗು ನಿವಾರಕ ತೈಲ, ಎಚ್ಚರಿಕೆಯ ಮಾತು, ಬೇಗನೆ ರಕ್ತಪರೀಕ್ಷೆ, ಇಷ್ಟರಲ್ಲೇ ಮಲೆನಾಡು ದಿನ ದೂಡಬೇಕಾಯಿತು. 2024ರಲ್ಲಿ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮತ್ತೆ ಸಾವುಗಳಾದವು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆ ಸೇರಿ ಹೊಸ ಲಸಿಕೆಯ ಕೆಲಸ ಕೈಗೊಂಡಿವೆ. ಅದು ಬಳಕೆಗೆ ಬರುವ ದಿನ ಎಷ್ಟು ಸೂಜಿ, ಎಷ್ಟು ಅಂತರ ಎಂಬುದನ್ನು ಪ್ರಯೋಗಾಲಯ ನಿಶ್ಚಯಿಸುತ್ತದೆ. ಶಿಬಿರ ಯಾವ ತಿಂಗಳು ತೊಡಗಬೇಕು, ಕೊಯ್ಲಿಗೆ ಬಂದವರಿಗೆ ಮೊದಲ ಸೂಜಿ ಎಲ್ಲಿ ಹಾಕಬೇಕು, ಅವರು ಬಿಟ್ಟುಬಂದ ಊರಲ್ಲೋ ದುಡಿಯುವ ತೋಟದಲ್ಲೋ, ಎರಡನೆಯದರ ದಾಖಲೆ ಯಾರ ಕೈಯಲ್ಲಿರಬೇಕು, ಚೆಕ್‌ರೋಲ್ ಆರೋಗ್ಯ ಕಾರ್ಯಕರ್ತೆಯ ಪುಸ್ತಕಕ್ಕೆ ಹೇಗೆ ಸೇರಬೇಕು ಎಂಬುವನ್ನು ಮಾತ್ರ ಮಲ್ಲಂದೂರಿನಂಥ ಊರುಗಳ ಲೈನು ಮನೆಗಳ ಮುಂದೆ ನಿಂತು, ಕೊಯ್ಲು ತೊಡಗುವ ಮೊದಲೇ, ಬರೆದುಕೊಳ್ಳಬೇಕಾಗುತ್ತದೆ.